ಗಾಳ ಹಾಕುವವರೂ ಬಿಸಿಲೂ

ಅಡಿಕೆ ಮರದ ಕಾಂಡಕ್ಕೆ ನೈಋತ್ಯದ ಇಳಿಬಿಸಿಲು ನೇರವಾಗಿ ತಾಗಿದರೆ ಏನಾಗುತ್ತದೆಂದು ನಮ್ಮ ಸದಸ್ಯರಿಗೆ ಹೇಳಿಕೊಡಬೇಕಾಗಿಲ್ಲ. ಕಾಂಡ ಮೊದಲು ಹಳದಿಯಾಗುತ್ತದೆ, ಆಮೇಲೆ ಕಂದಾಗುತ್ತದೆ, ಕೊನೆಗೆ ಸೀಳು ಬಿಟ್ಟು ಒಂದು ಗಾಳಿಗೆ ಮುರಿದು ಬೀಳುತ್ತದೆ. ಅದಕ್ಕಾಗಿಯೇ ಹಿರಿಯರು ತೋಟದ ಆ ಅಂಚಿಗೆ ಎತ್ತರದ ಮರಗಳನ್ನು ನೆಟ್ಟರು, ಕಾಂಡಕ್ಕೆ ಸೋಗೆ ಕಟ್ಟಿದರು, ಸುಣ್ಣ ಬಳಿದರು. ಕಾಫಿಯ ವಿಷಯವೂ ಹಾಗೆಯೇ. ನೆರಳು ಹಾರಿದ ಜಾಗದ ಅರೇಬಿಕಾ ಗಿಡವನ್ನು ಬಿಳಿ ಕಾಂಡಕೊರಕ ಮೊದಲು ಹುಡುಕಿಕೊಂಡು ಬರುತ್ತದೆ. ಗಿಡಗಳಿಗೆ ಇಷ್ಟೆಲ್ಲ ನೆರಳಿನ ವ್ಯವಸ್ಥೆ ಮಾಡುವ ನಾವು, ಭಾನುವಾರ ಬೆಳಿಗ್ಗೆ ಗಾಳದ ಕೋಲು ಹಿಡಿದು ಹೊರಟಾಗ ನಮ್ಮ ತಲೆಗೊಂದು ಟೋಪಿಯನ್ನೂ ನೆನಪಿಟ್ಟುಕೊಳ್ಳುವುದಿಲ್ಲ.

ಇದು ಸಂಘದ ಪತ್ರಿಕೆಯಲ್ಲಿ ಬರೆಯತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ಗೊಬ್ಬರದ ದರ, ಮೈಲುತುತ್ತದ ದಾಸ್ತಾನು, ಸಾಲದ ಕಂತು ಇವುಗಳ ನಡುವೆ ಮೀನು ಹಿಡಿಯುವವರ ಚರ್ಮಕ್ಕೇನು ಕೆಲಸ? ಆದರೆ ನಮ್ಮ ಸದಸ್ಯರಲ್ಲಿ ಗಾಳದ ಚಟವಿರುವವರು ಎಷ್ಟು ಮಂದಿ ಎಂಬುದು ಮಹಾಸಭೆಯ ದಿನ ಊಟದ ಪಂಕ್ತಿಯಲ್ಲಿ ಕಿವಿಗೊಟ್ಟರೆ ತಿಳಿಯುತ್ತದೆ. ಮೂಡಿಗೆರೆಯ ಕಾಫಿ ಬೆಳೆಗಾರರೂ ಆಗಿದ್ದ ಪೂರ್ಣಚಂದ್ರ ತೇಜಸ್ವಿಯವರು ಗಾಳ ಹಿಡಿದು ಹೊಳೆದಂಡೆಯಲ್ಲಿ ದಿನಗಟ್ಟಲೆ ಕುಳಿತಿರುತ್ತಿದ್ದ ಸಂಗತಿ ಎಲ್ಲರಿಗೂ ಗೊತ್ತು. ಈ ಚಟ ನಮ್ಮ ಸೀಮೆಯ ಮಣ್ಣಿನಲ್ಲೇ ಇದೆ. ಇದನ್ನು ಬರೆಯಲು ನನ್ನ ಮಟ್ಟಿಗೆ ಇನ್ನೂ ಒಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೋಡದ ದಿನ ಸುಟ್ಟ ಕೈ

ಒಂದು ಆಗಸ್ಟ್ ತಿಂಗಳು. ಎಂಟು ಹತ್ತು ದಿನ ಹಿಡಿದ ಮಳೆ ಹೊಳವಾಗಿತ್ತು. ಆಕಾಶದಲ್ಲಿ ತೆಳು ಮೋಡ, ತಣ್ಣನೆ ಗಾಳಿ. ನಾನೂ ನಮ್ಮ ಭಾವನವರೂ ಊರ ಕೆರೆಯ ಏರಿಯ ಮೇಲೆ ಹತ್ತು ಗಂಟೆಗೆ ಕುಳಿತವರು ಮೂರು ಗಂಟೆಯ ತನಕ ಏಳಲಿಲ್ಲ. ಬಿಸಿಲೇ ಇಲ್ಲವೆಂದು ಭಾವನವರು ಅಂಗಿಯ ತೋಳು ಮಡಚಿ, ತಲೆಗೆ ಸುತ್ತಿದ್ದ ಟವೆಲನ್ನು ಮೀನಿನ ಚೀಲದ ಮೇಲೆ ಹಾಸಿದ್ದರು. ನಾಲ್ಕು ಕಾಟ್ಲಾ, ಒಂದು ಔಲು ಸಿಕ್ಕಿದವು. ಅಲ್ಲಿಯೇ ಮೀನು ಸೀಳಿ, ವಾಸನೆ ಹೋಗಲೆಂದು ನಿಂಬೆಹಣ್ಣು ಹಿಂಡಿ ಕೈ ಉಜ್ಜಿಕೊಂಡು, ಮತ್ತೆ ಅರ್ಧ ಗಂಟೆ ಕುಳಿತರು.

ಆ ರಾತ್ರಿಯೇ ಅವರಿಗೆ ಮೂಗು, ಕತ್ತು, ಮುಂಗೈ ಉರಿ. ಮಾರನೆಯ ದಿನ ಕಳೆದು ನೋಡಿದರೆ ಬೆರಳುಗಳ ಹಿಂಭಾಗದಲ್ಲಿ ಗೆರೆ ಎಳೆದ ಹಾಗೆ ಕೆಂಪು ಪಟ್ಟೆಗಳು. ಅವುಗಳ ಮೇಲೆ ನೀರುಗುಳ್ಳೆ. ಯಾವುದೋ ಹುಳ ಹರಿದಿದೆ ಎಂದು ಅಕ್ಕ ಅರಿಶಿನ ಹಚ್ಚಿದರು. ಮೀನಿನ ನಂಜು ಎಂದು ನೆರೆಯವರು ಹೇಳಿದರು. ಮೂರನೆಯ ದಿನ ನಾನೇ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಪೇಟೆಯ ಚರ್ಮದ ವೈದ್ಯರಲ್ಲಿಗೆ ಹೋದೆ.

ವೈದ್ಯರು ಕೈ ನೋಡಿ ಎರಡೇ ಪ್ರಶ್ನೆ ಕೇಳಿದರು. ಯಾವುದಾದರೂ ಮಾತ್ರೆ ನುಂಗುತ್ತಿದ್ದೀರಾ? ಕೈಗೆ ಏನು ಹಚ್ಚಿದ್ದಿರಿ? ಎರಡಕ್ಕೂ ಉತ್ತರವಿತ್ತು. ಗದ್ದೆ ನಾಟಿಯ ಸಮಯದಲ್ಲಿ ಇಲಿಜ್ವರದ ಭಯಕ್ಕೆ ಊರ ವೈದ್ಯರು ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಿದ್ದರು. ಕೈಗೆ ಹಚ್ಚಿದ್ದು ನಿಂಬೆರಸ. ಎರಡೂ ಬಿಸಿಲಿನೊಡನೆ ಸೇರಿ ಕೆಲಸ ಕೆಡಿಸುವಂಥವು ಎಂದು ಅವರು ವಿವರಿಸಿದರು.

ಕಾಣದ ಕಿರಣ

ನಮಗೆ ಬಿಸಿಲೆಂದರೆ ಬೆಳಕು ಮತ್ತು ಸೆಕೆ. ಆದರೆ ಚರ್ಮವನ್ನು ಸುಡುವುದು ಇವೆರಡೂ ಅಲ್ಲ, ಕಣ್ಣಿಗೆ ಕಾಣದ, ಮೈಗೆ ಬಿಸಿಯಾಗಿ ತಿಳಿಯದ ಅತಿನೇರಳೆ ಕಿರಣ. ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿ 1801ರಲ್ಲಿ ಇದನ್ನು ಗುರುತಿಸಿದರು. ಇದರಲ್ಲಿ ನಮ್ಮ ತನಕ ಬರುವುದು ಎರಡು ವರ್ಗ. ‘ಬಿ’ ವರ್ಗದ ಕಿರಣ ಚರ್ಮದ ಮೇಲ್ಪದರವನ್ನು ಸುಡುತ್ತದೆ. ‘ಎ’ ವರ್ಗದ್ದು ಇನ್ನೂ ಆಳಕ್ಕೆ ಇಳಿದು ಚರ್ಮವನ್ನು ಸುಕ್ಕುಗಟ್ಟಿಸುತ್ತದೆ, ಬಣ್ಣಗೆಡಿಸುತ್ತದೆ. ಮಾತ್ರೆ ಮತ್ತು ನಿಂಬೆರಸದ ಆಟ ನಡೆಯುವುದೂ ಮುಖ್ಯವಾಗಿ ಈ ‘ಎ’ ವರ್ಗದಿಂದಲೇ.

ಸೆಕೆ ತಿಳಿಯದ್ದರಿಂದ ಮೋಸ ಹೋಗುವುದು ಸುಲಭ. ತೆಳು ಮೋಡವಿದ್ದರೂ ಅತಿನೇರಳೆ ಕಿರಣದಲ್ಲಿ ನೂರಕ್ಕೆ 80ರವರೆಗೆ ಕೆಳಗಿಳಿಯಬಹುದು. ಎತ್ತರದ ಪ್ರದೇಶದಲ್ಲಿ ಇದರ ಪ್ರಮಾಣ ಹೆಚ್ಚು; 1000 ಮೀಟರ್ ಏರಿದರೆ ಸುಮಾರು ನೂರಕ್ಕೆ 10ರಷ್ಟು ಏರುತ್ತದೆ. ಚಿಕ್ಕಮಗಳೂರು, ಕೊಡಗಿನ ಎತ್ತರದ ತೋಟಗಳಲ್ಲಿ ಹವೆ ತಂಪೆಂದು ಬಿಸಿಲು ಮೃದುವೆಂದು ತಿಳಿಯುವುದು ಈ ಕಾರಣದಿಂದ ತಪ್ಪು.

ಇನ್ನೊಂದು ಸಂಗತಿ. ನಮ್ಮ ಸೀಮೆಯಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಏಪ್ರಿಲ್ ತಿಂಗಳ ಕೊನೆಯ ಹತ್ತು ದಿನಗಳಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಮತ್ತೊಮ್ಮೆ. ಏಪ್ರಿಲಿನದ್ದು ಎಲ್ಲರಿಗೂ ಗೊತ್ತು. ಆಗಸ್ಟಿನದ್ದು ಮಳೆಗಾಲದ ಮರೆಯಲ್ಲಿ ಗೊತ್ತೇ ಆಗುವುದಿಲ್ಲ. ಭಾವನವರು ಸುಟ್ಟುಕೊಂಡದ್ದು ಆ ಸಮಯದಲ್ಲಿಯೇ. ಮೋಡದ ನಡುವೆ ಹೊಳವಾದ ದಿನ ನೆತ್ತಿಯ ಸೂರ್ಯನ ಕೆಳಗೆ ಬರಿಮೈಯಲ್ಲಿ ಐದು ಗಂಟೆ ಕುಳಿತದ್ದಕ್ಕೆ ತೆತ್ತ ಬೆಲೆ ಅದು.

ನೀರು ಬಿಸಿಲನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ ಎಂಬ ಮಾತಿದೆ. ಕಣ್ಣು ಕೋರೈಸುವ ಬೆಳಕಿನ ಮಟ್ಟಿಗೆ ಅದು ನಿಜ. ಆದರೆ ಶಾಂತವಾದ ಕೆರೆ ನೀರು ಹಿಂದಕ್ಕೆ ಕಳಿಸುವ ಅತಿನೇರಳೆ ಕಿರಣ ನೂರಕ್ಕೆ 10ಕ್ಕೂ ಕಡಿಮೆ. ದೊಡ್ಡ ಅಪಾಯ ಇರುವುದು ಬಯಲಿನಲ್ಲಿ. ತೋಟದೊಳಗಿನ ಹಳ್ಳದ ದಂಡೆಯಲ್ಲಿ ಕುಳಿತವನಿಗೆ ಸಿಲ್ವರ್ ಓಕ್, ಹಾಲುವಾಣ, ಹಲಸು ಎಲ್ಲವೂ ಕೊಡೆ ಹಿಡಿಯುತ್ತವೆ. ಗೊರೂರಿನ ಹೇಮಾವತಿ ಹಿನ್ನೀರು, ಹಾರಂಗಿ, ಲಿಂಗನಮಕ್ಕಿಯಂಥ ಬಯಲು ನೀರಿನ ದಂಡೆಯಲ್ಲಿ ಆಕಾಶವೆಲ್ಲ ತೆರೆದೇ ಇರುತ್ತದೆ. ನೇರ ಬಿಸಿಲಲ್ಲದೆ ಆಕಾಶದಲ್ಲಿ ಚದುರಿದ ಕಿರಣವೂ ಎಲ್ಲ ಕಡೆಯಿಂದ ಮೈಮೇಲೆ ಬೀಳುತ್ತದೆ. ಮೊಣಕಾಲು ನೀರಿನಲ್ಲಿ ನಿಂತರೆ ಕಾಲಿಗೆ ರಕ್ಷಣೆ ಎಂದೂ ಭಾವಿಸಬಾರದು. ತಿಳಿನೀರಿನಲ್ಲಿ ಅರ್ಧ ಮೀಟರ್ ಆಳದಲ್ಲಿಯೂ ಮೇಲಿನ ಕಿರಣದ ನೂರಕ್ಕೆ 40ರಷ್ಟು ಇರುತ್ತದೆ.

ಕಪ್ಪು ಚರ್ಮಕ್ಕೆ ಬಿಸಿಲೇನು ಮಾಡೀತು?

ನನ್ನೊಡನೆ ಹೀಗೆ ವಾದಿಸಿದವರು ಬಹಳ ಮಂದಿ. ಇದರಲ್ಲಿ ಅರ್ಧ ಸತ್ಯವಿದೆ. ನಮ್ಮ ಚರ್ಮದ ಕಪ್ಪು ಬಣ್ಣ, ಅಂದರೆ ಮೆಲನಿನ್, ಪ್ರಕೃತಿ ಕೊಟ್ಟ ಕೊಡೆ. ಬಿಳಿಯರಲ್ಲಿ ಕಾಣುವಷ್ಟು ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಾಣುವುದಿಲ್ಲ. ಆದರೆ ಕಡಿಮೆ ಎಂದರೆ ಇಲ್ಲ ಎಂದಲ್ಲ. ಸೂರ್ಯನ ಕಿರಣ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲುದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1992ರಲ್ಲಿಯೇ ತೀರ್ಮಾನಿಸಿದೆ. ನಮ್ಮಲ್ಲಿ ಸುಟ್ಟ ಚರ್ಮ ಕೆಂಪಾಗಿ ಎದ್ದು ಕಾಣದೆ, ಉರಿ, ಬಿಗಿತ, ಆಮೇಲೆ ಕಪ್ಪು, ಸಿಪ್ಪೆ ಏಳುವುದು ಎಂಬ ಕ್ರಮದಲ್ಲಿ ತೋರುತ್ತದೆ. ಕೆನ್ನೆಯ ಮೇಲಿನ ಭಂಗು ಬಿಸಿಲಿಗೆ ಹೆಚ್ಚುತ್ತದೆ. ಬಿಳಿ ಮಚ್ಚೆ ಇರುವವರಿಗೆ ಆ ಜಾಗದಲ್ಲಿ, ಹುಟ್ಟಿನಿಂದಲೇ ಮೈಬಣ್ಣವಿಲ್ಲದವರಿಗೆ ಇಡೀ ಮೈಗೆ, ಈ ಕೊಡೆಯೇ ಇರುವುದಿಲ್ಲ. ಅವರು ವಿಶೇಷ ಜಾಗ್ರತೆ ವಹಿಸಬೇಕು.

ಎಲ್ಲರಿಗೂ ಕೊಡೆ ತೀರ ತೆಳುವಾಗಿರುವ ಜಾಗ ಕೆಳತುಟಿ. ಅದು ಸದಾ ಆಕಾಶಕ್ಕೆ ಮುಖ ಮಾಡಿರುತ್ತದೆ. ಕಣ್ಣಿನ ಮಾತು ಬೇರೆ. ವರ್ಷಗಟ್ಟಲೆ ಬಯಲು ಬಿಸಿಲಿನಲ್ಲಿ ಇರುವವರಿಗೆ ಕಣ್ಣಿನ ಪೊರೆ ಬೇಗ ಬರುವುದೂ, ಮೂಗಿನ ಬದಿಯಿಂದ ಕರಿಗುಡ್ಡೆಯ ಕಡೆಗೆ ಮಾಂಸ ಬೆಳೆಯುವುದೂ ವೈದ್ಯರು ದಿನವೂ ಕಾಣುವ ಸಂಗತಿಗಳು.

ನಿಂಬೆಹಣ್ಣು, ಮಾತ್ರೆ, ಕಾಂಗ್ರೆಸ್ ಗಿಡ

ನಿಂಬೆ ಜಾತಿಯ ಹಣ್ಣು, ಅಂಜೂರದ ಹಾಲು ಇವುಗಳಲ್ಲಿ ಒಂದು ಬಗೆಯ ರಾಸಾಯನಿಕ ವಸ್ತುವಿದೆ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಒಂದೆರಡು ದಿನ ಬಿಟ್ಟು ಗುಳ್ಳೆ ಏಳುತ್ತದೆ. ಗುಳ್ಳೆ ಒಣಗಿದ ಮೇಲೂ ಕಪ್ಪು ಕಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ರಸ ಹರಿದ ದಾರಿಯಲ್ಲೇ ಏಳುವುದರಿಂದ ಗೆರೆಗೆರೆಯಾಗಿ ಕಾಣುತ್ತದೆ. ಬಿಳಿ ಮಚ್ಚೆಗೆ ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ಒಡ್ಡುವ ನಮ್ಮ ಹಳೆಯ ಚಿಕಿತ್ಸೆಯ ಗುಟ್ಟೂ ಇದೇ ಜಾತಿಯ ವಸ್ತು. ಮದ್ದಾಗಿ ಅಳತೆಯಲ್ಲಿ ಬಳಸಿದ್ದು ಕೆರೆ ಏರಿಯ ಮೇಲೆ ಅಳತೆ ತಪ್ಪಿದರೆ ಸುಡುತ್ತದೆ. ಆದ್ದರಿಂದ ನಿಂಬೆಹಣ್ಣನ್ನು ಮನೆಗೆ ಬಂದು ಅಡಿಗೆಮನೆಯಲ್ಲಿ ಹಿಂಡಿರಿ. ದಂಡೆಯಲ್ಲಿ ಕೈ ತೊಳೆಯಲು ಸಾಬೂನು ಸಾಕು.

ಮಾತ್ರೆಗಳ ಪೈಕಿ ಡಾಕ್ಸಿಸೈಕ್ಲಿನ್ ಅಲ್ಲದೆ, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಹುಳಕಡ್ಡಿಗೆ ಕೊಡುವ ಗ್ರೈಸಿಯೋಫಲ್ವಿನ್, ನೋವಿಗೆ ಹಚ್ಚುವ ಕೀಟೋಪ್ರೊಫೆನ್ ಮುಲಾಮು ಇವೂ ಕೆಲವರಿಗೆ ಬಿಸಿಲನ್ನು ಸಹಿಸದಂತೆ ಮಾಡುತ್ತವೆ. ಹಾಗೆಂದು ಮಾತ್ರೆಯನ್ನು ತಾವಾಗಿ ಬಿಡಕೂಡದು. ಇಲಿಜ್ವರ ಬಿಸಿಲಿನ ಗುಳ್ಳೆಗಿಂತ ಎಷ್ಟೋ ಪಾಲು ಘೋರ. ಮಾತ್ರೆ ಬರೆದುಕೊಟ್ಟ ವೈದ್ಯರಲ್ಲಿ ಒಂದು ಮಾತು ಕೇಳಿ, ಆ ಅವಧಿಯಲ್ಲಿ ಗಾಳದ ಕೋಲಿಗೆ ಬಿಡುವು ಕೊಡುವುದು ಲೇಸು.

ಮುಖ, ಕತ್ತು, ಮೊಣಕೈ ಮಡಿಕೆಯಲ್ಲಿ ತುರಿಕೆ ಎದ್ದು ಚರ್ಮ ದಪ್ಪವಾಗುತ್ತಿದ್ದರೆ ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಬೇಡಿ. ಕೆರೆ ಏರಿ, ರಸ್ತೆ ಬದಿಯಲ್ಲಿ ತುಂಬಿರುವ ಪಾರ್ಥೇನಿಯಂ, ನಾವು ಕಾಂಗ್ರೆಸ್ ಗಿಡ ಎನ್ನುವುದು, ಇದೇ ರೀತಿಯ ತೊಂದರೆ ಕೊಡುತ್ತದೆ. ಚಿಕಿತ್ಸೆ ಬೇರೆ ಬೇರೆಯಾದ್ದರಿಂದ ವೈದ್ಯರೇ ತೀರ್ಮಾನಿಸಬೇಕು.

ಮಾಡಬೇಕಾದದ್ದು ಏನು?

ಮೊದಲನೆಯದು ಹೊತ್ತು. ನಮ್ಮ ಭಾಗದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12ಕ್ಕಲ್ಲ, ಸುಮಾರು 12-30ಕ್ಕೆ. ಬೆಳಿಗ್ಗೆ 10ರಿಂದ ಮಧ್ಯಾಹ್ನ 3-30, 4ರ ತನಕ ಕಿರಣ ಉಗ್ರ. ಗಡಿಯಾರವಿಲ್ಲದಿದ್ದರೆ ನೆರಳು ನೋಡಿ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಯಲು ಬಿಟ್ಟು ಮರದಡಿಗೆ ಹೋಗಿ. ಇದರಿಂದ ಮೀನಿಗೇನೂ ನಷ್ಟವಿಲ್ಲ. ಬೇಸಿಗೆಯ ಮಧ್ಯಾಹ್ನ ಮೇಲ್ನೀರು ಕಾದು ಮೀನು ಆಳಕ್ಕೆ ಇಳಿಯುತ್ತದೆ. ಎರೆಹುಳು ಕಚ್ಚುವುದು ಮುಂಜಾವಿಗೆ, ಸಂಜೆಗೆ. ಮಧ್ಯಾಹ್ನ ಬೆಂಡನ್ನೇ ನೋಡುತ್ತ ಕೂರುವವನಿಗೆ ಸಿಗುವುದು ತಲೆನೋವು ಮಾತ್ರ.

ಎರಡನೆಯದು ಬಟ್ಟೆ. ಉದ್ದ ತೋಳಿನ, ಒತ್ತು ನೇಯ್ಗೆಯ, ಸಡಿಲವಾದ ಅಂಗಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆ ಕಡೆ ಬೆಳಕು ಧಾರಾಳ ಕಂಡರೆ ಕಿರಣವೂ ಧಾರಾಳ ಬರುತ್ತದೆ. ತೆಳು ಬಿಳಿ ಬನೀನು ಒದ್ದೆಯಾದರೆ ಇರುವ ರಕ್ಷಣೆಯೂ ಕಡಿಮೆಯಾಗುತ್ತದೆ. ಗಾಢ ಬಣ್ಣ ಹೆಚ್ಚು ತಡೆಯುತ್ತದೆ. ಕಾಲಿಗೆ ಮಡಿಚಿ ಕಟ್ಟಿದ ಪಂಚೆಗಿಂತ ಷರಾಯಿ ವಾಸಿ.

ಮೂರನೆಯದು ತಲೆ. ನಮ್ಮ ಹಾಳೆ ಟೋಪಿ ನೆತ್ತಿಯನ್ನು ಚೆನ್ನಾಗಿ ಕಾಯುತ್ತದೆ, ಆದರೆ ಅಂಚಿಲ್ಲದ್ದರಿಂದ ಕಿವಿ, ಕತ್ತು, ಮೂಗು ಬಿಸಿಲಿಗೇ ಉಳಿಯುತ್ತವೆ. ಹುಡುಗರು ಹಾಕುವ ಮುಂಚಾಚಿನ ಕ್ಯಾಪ್ ಮೂಗಿಗೆ ಸರಿ, ಕಿವಿಗೆ ಇಲ್ಲ. ಸುತ್ತಲೂ ಮೂರು ಅಂಗುಲ ಅಂಚಿರುವ ಟೋಪಿ ಉತ್ತಮ. ಇಲ್ಲವಾದರೆ ಹಾಳೆ ಟೋಪಿಯ ಕೆಳಗೆ ಟವೆಲನ್ನು ಕಿವಿ, ಕತ್ತು ಮುಚ್ಚುವಂತೆ ಇಳಿಬಿಟ್ಟುಕೊಳ್ಳಿ. ಕಂಬಳಿ ಕೊಪ್ಪೆ ಹಾಕಿ ಬೆಳೆದ ನಮಗೆ ಇದೇನು ಹೊಸತಲ್ಲ.

ನಾಲ್ಕನೆಯದು ಕನ್ನಡಕ. ಪೋಲರಾಯ್ಡ್ ಕನ್ನಡಕ ನೀರಿನ ಹೊಳಪನ್ನು ಕಳೆದು ನೀರೊಳಗಿನ ಮೀನನ್ನು ತೋರಿಸುತ್ತದೆ, ನಿಜ. ಆದರೆ ಹೊಳಪು ಕಳೆಯುವುದೇ ಬೇರೆ, ಅತಿನೇರಳೆ ಕಿರಣ ತಡೆಯುವುದೇ ಬೇರೆ. ಕೊಳ್ಳುವಾಗ ‘ಯು.ವಿ. 400’ ಎಂಬ ಗುರುತು ಇದೆಯೇ ಎಂದು ನೋಡಿ. ಜಾತ್ರೆಯಲ್ಲಿ ಸಿಗುವ ಬರೀ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲವಾಗುತ್ತದೆ. ಕಿರಣ ತಡೆಯದ ಗಾಜಾದರೆ ಹೆಚ್ಚು ಕಿರಣ ಒಳಹೋಗುತ್ತದೆ.

ಐದನೆಯದು ಮುಲಾಮು. ಬಟ್ಟೆ ಮುಚ್ಚದ ಮುಖ, ಕಿವಿ, ಕತ್ತು, ಮುಂಗೈಗಳಿಗೆ ಮಾತ್ರ ಇದು ಬೇಕು. ಬೆಳೆಗಾರರಿಗೆ ಇದನ್ನು ಬೋರ್ಡೋ ದ್ರಾವಣದ ಹೋಲಿಕೆಯಲ್ಲಿ ಹೇಳಿದರೆ ಚೆನ್ನಾಗಿ ಅರ್ಥವಾದೀತು. ಬೋರ್ಡೋವನ್ನು ಕೊಳೆ ಬಂದ ಮೇಲಲ್ಲ, ಬರುವ ಮೊದಲೇ ಹೊಡೆಯಬೇಕು. ಮುಲಾಮನ್ನೂ ಬಿಸಿಲಿಗೆ ಇಳಿಯುವ 15-20 ನಿಮಿಷ ಮೊದಲೇ ಹಚ್ಚಬೇಕು. ಬೋರ್ಡೋ ಗೊನೆಯ ಎಲ್ಲ ಕಾಯಿಗೂ ತಾಗಬೇಕು. ಮುಲಾಮೂ ಕಿವಿಯ ಅಂಚು, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಬಿಡದೆ ತಾಗಬೇಕು. ಬೋರ್ಡೋವನ್ನು 40-45 ದಿನಕ್ಕೆ ಮತ್ತೆ ಹೊಡೆಯುತ್ತೇವೆ; ಮುಲಾಮನ್ನು ಎರಡೆರಡು ಗಂಟೆಗೊಮ್ಮೆ, ಬೆವರಿ ಒರಸಿಕೊಂಡರೆ ಅದಕ್ಕೂ ಮೊದಲೇ, ಮತ್ತೆ ಹಚ್ಚಬೇಕು. ಪ್ರಮಾಣದಲ್ಲಿ ಜಿಪುಣತನ ಮಾಡಿದರೆ ಎರಡೂ ವ್ಯರ್ಥ. ಮುಖ ಮತ್ತು ಕತ್ತಿಗೆ ಸೇರಿ ಒಂದು ಟೀ ಚಮಚ, ಒಂದೊಂದು ತೋಳಿಗೆ ಒಂದೊಂದು ಚಮಚ ಬೇಕು.

ಡಬ್ಬಿಯ ಮೇಲಿನ ಎಸ್.ಪಿ.ಎಫ್. ಎಂಬ ಅಂಕಿ ‘ಬಿ’ ವರ್ಗದ ಕಿರಣ ತಡೆಯುವ ಶಕ್ತಿಯನ್ನು ಹೇಳುತ್ತದೆ. 15 ಇದ್ದರೆ ನೂರಕ್ಕೆ 93, 30 ಇದ್ದರೆ 97, 50 ಇದ್ದರೆ 98ರಷ್ಟು ತಡೆ. 30ರಿಂದ 50ಕ್ಕೆ ಹೋದರೆ ಬೆಲೆ ಏರುವಷ್ಟು ರಕ್ಷಣೆ ಏರುವುದಿಲ್ಲ. 30 ಇದ್ದು, ‘ಎ’ ವರ್ಗವನ್ನೂ ತಡೆಯುತ್ತದೆಂದು ಬರೆದಿದ್ದರೆ ಸಾಕು. ತೆಂಗಿನೆಣ್ಣೆ ಚರ್ಮವನ್ನು ಮೃದುವಾಗಿಡುತ್ತದೆ, ಬಿಸಿಲು ತಡೆಯಲು ಅದನ್ನು ನಂಬುವಂತಿಲ್ಲ. ಮುಲಾಮಿನ ವಾಸನೆಗೆ ಮೀನು ಬರುವುದಿಲ್ಲ ಎನ್ನುವವರು ಹಚ್ಚಿದ ಮೇಲೆ ಅಂಗೈ, ಬೆರಳತುದಿಗಳನ್ನು ಸಾಬೂನಿನಿಂದ ತೊಳೆದು ಎರೆಹುಳು ಮುಟ್ಟಲಿ.

ಸುಟ್ಟ ಮೇಲೆ

ಉರಿ ತಿಳಿದ ಕೂಡಲೆ ನೆರಳಿಗೆ ಬನ್ನಿ. ತಣ್ಣೀರು ಸುರಿದುಕೊಳ್ಳಿ ಇಲ್ಲವೆ ಒದ್ದೆ ಬಟ್ಟೆ ಹಾಕಿ. ನೀರು, ಮಜ್ಜಿಗೆ ಧಾರಾಳ ಕುಡಿಯಿರಿ. ಮಂಜುಗಡ್ಡೆಯನ್ನು ನೇರವಾಗಿ ಒತ್ತಬೇಡಿ. ಗುಳ್ಳೆ ಒಡೆಯಬೇಡಿ. ಹಲ್ಲುಜ್ಜುವ ಪೇಸ್ಟು, ನಿಂಬೆರಸ ಹಚ್ಚಬೇಡಿ. ಗುಳ್ಳೆಗಳು ದೊಡ್ಡದಾಗಿ ಹರಡಿದ್ದರೆ ಅಥವಾ ಜ್ವರ, ಚಳಿ, ತಲೆಸುತ್ತು ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮಾತು ತೊದಲಿ ಮಂಕಾದರೆ ಅದು ಬಿಸಿಲಾಘಾತ. ಮೈಗೆ ನೀರು ಸುರಿಯುತ್ತ, ಗಾಳಿ ಹಾಕುತ್ತ ಆಸ್ಪತ್ರೆಗೆ ಸಾಗಿಸಬೇಕು.

ಇನ್ನು ನನ್ನ ಮಾತು

ಭಾವನವರ ಕೈಗೆ ಮದ್ದು ಬರೆದು ಮುಗಿಸಿದ ವೈದ್ಯರು ಎದ್ದು ಹೊರಟಿದ್ದ ನನ್ನನ್ನು ಕುಳಿತುಕೊಳ್ಳಲು ಹೇಳಿದರು. “ನಿಮ್ಮ ಕೆಳತುಟಿಯ ಮೇಲಿನ ಆ ಹುರುಪೆ ಎಷ್ಟು ದಿನದಿಂದ ಇದೆ?” ಎಂದು ಕೇಳಿದರು. ಏಳೆಂಟು ತಿಂಗಳಾಗಿತ್ತು. ಏಳುತ್ತಿತ್ತು, ಉದುರುತ್ತಿತ್ತು, ಮತ್ತೆ ಅಲ್ಲೇ ಬರುತ್ತಿತ್ತು. ಚಳಿಗೆ ತುಟಿ ಒಡೆದದ್ದೆಂದು ಬೆಣ್ಣೆ ಹಚ್ಚುತ್ತಿದ್ದೆ. ಇಪ್ಪತ್ತು ವರ್ಷ ಸಿಗರೇಟು ಸೇದಿದ ತುಟಿ, ಮೂವತ್ತು ವರ್ಷ ಕಣದಲ್ಲೂ ಕೆರೆ ಏರಿಯಲ್ಲೂ ಬಿಸಿಲು ಕುಡಿದ ತುಟಿ. ಅವರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವ ತನಕದ ದಿನಗಳನ್ನು ಹೇಗೆ ಕಳೆದೆನೆಂದು ಬರೆಯುವುದು ಬೇಡ. ಮನೆಯವರಿಗೆ ಹೇಳದೆ ಸಂಘದ ಕಡತಗಳನ್ನೆಲ್ಲ ಒಪ್ಪ ಮಾಡಿಟ್ಟೆ ಎಂದರೆ ಸಾಕು.

ಕ್ಯಾನ್ಸರ್ ಆಗಿರಲಿಲ್ಲ. ಬಿಟ್ಟಿದ್ದರೆ ಆಗಬಹುದಾದ ಸ್ಥಿತಿ ಎಂದು ವರದಿ ಹೇಳಿತು. ಆ ಜಾಗವನ್ನು ಅತಿಶೀತದಿಂದ ಸುಟ್ಟು ತೆಗೆದರು. ಸಿಗರೇಟು ಬಿಟ್ಟೆ. ಆರು ತಿಂಗಳಿಗೊಮ್ಮೆ ಹೋಗಿ ತೋರಿಸಿ ಬರುತ್ತೇನೆ. ರೋಗಿಯನ್ನು ಕರೆದುಕೊಂಡು ಹೋದವನಿಗೆ ತಾನೇ ರೋಗಿ ಎಂದು ತಿಳಿದದ್ದು ಹೀಗೆ. ಭಾವನವರು ಆ ದಿನ ನಿಂಬೆಹಣ್ಣು ಹಿಂಡದಿದ್ದರೆ ನಾನು ಇನ್ನೂ ಬೆಣ್ಣೆ ಹಚ್ಚುತ್ತಲೇ ಇರುತ್ತಿದ್ದೆ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟು. ತುಟಿ, ಕಿವಿಯ ಅಂಚು, ಮೂಗು, ಮುಂಗೈ, ಎಲ್ಲೇ ಆಗಲಿ ಒಂದು ತಿಂಗಳಾದರೂ ಮಾಯದ ಹುಣ್ಣು, ಬಿದ್ದು ಬಿದ್ದು ಮತ್ತೆ ಬರುವ ಹುರುಪೆ, ಮುಟ್ಟಿದರೆ ರಕ್ತ ಬರುವ ಗಂಟು, ಬೆಳೆಯುತ್ತಿರುವ ಅಥವಾ ಬಣ್ಣ ಬದಲಾಗುತ್ತಿರುವ ಮಚ್ಚೆ ಇದ್ದರೆ ವೈದ್ಯರಿಗೆ ತೋರಿಸಿ. ಅಂಗಾಲು, ಅಂಗೈ, ಉಗುರಿನಡಿಯ ಹೊಸ ಕಪ್ಪು ಮಚ್ಚೆ ಬಿಸಿಲಿನಿಂದ ಬಂದದ್ದಲ್ಲದಿರಬಹುದು, ಆದರೂ ನಮ್ಮಂಥ ಮೈಬಣ್ಣದವರು ಅದನ್ನು ಉಪೇಕ್ಷಿಸಬಾರದು.

ಗಾಳ ಹಾಕುವವರ ನೆಪದಲ್ಲಿ ಇದನ್ನು ಬರೆದೆ. ಆದರೆ ನಾವು ಭಾನುವಾರಕ್ಕೊಮ್ಮೆ ಸಂತೋಷಕ್ಕಾಗಿ ಕೂರುವ ಬಿಸಿಲಿನಲ್ಲಿ, ಡಿಸೆಂಬರಿನಿಂದ ಫೆಬ್ರವರಿಯ ತನಕ ನಮ್ಮ ಕಣಗಳಲ್ಲಿ ಕಾಫಿ ಕೈಯಾಡಿಸುವ ಹೆಣ್ಣಾಳುಗಳು ದಿನವಿಡೀ ನಿಂತಿರುತ್ತಾರೆ. ಅವರಿಗೆ ಭಾನುವಾರದ ಆಯ್ಕೆ ಇಲ್ಲ. ಕಣದ ಮೂಲೆಯಲ್ಲಿ ಒಂದು ಸೋಗೆ ಚಪ್ಪರ, ಒಂದು ಕೊಡ ಕುಡಿಯುವ ನೀರು, ಅಗಲ ಅಂಚಿನ ನಾಲ್ಕು ಟೋಪಿ, ನಡು ಮಧ್ಯಾಹ್ನ ಒಂದು ಗಂಟೆ ನೆರಳಿನ ಕೆಲಸ. ಇವುಗಳ ಖರ್ಚು ಒಂದು ಮೂಟೆ ಗೊಬ್ಬರದ ಲೆಕ್ಕಕ್ಕೂ ಬಾರದು. ಗಿಡಕ್ಕೆ ನೆರಳು ಕೊಟ್ಟ ಕೈ ಮನುಷ್ಯನಿಗೂ ಕೊಡಲಿ.

ಮುಂದಿನ ಭಾನುವಾರ ಕೆರೆ ಏರಿಯ ಮೇಲೆ ಟೋಪಿಯ ಕೆಳಗೆ ಟವೆಲು ಇಳಿಬಿಟ್ಟುಕೊಂಡು, ಮೂಗಿಗೆ ಬಿಳಿ ಬಳಿದುಕೊಂಡು ಕುಳಿತ ಇಬ್ಬರನ್ನು ಕಂಡರೆ ವೇಷದವರೆಂದು ತಿಳಿಯಬೇಡಿ. ಅದು ನಾನು ಮತ್ತು ನಮ್ಮ ಭಾವನವರು. ಹತ್ತು ಗಂಟೆಯ ಒಳಗೆ ಬಂದರೆ ಮಾತಿಗೆ ಸಿಗುತ್ತೇವೆ. ಆಮೇಲೆ ಹಲಸಿನ ಮರದಡಿಗೆ ಬನ್ನಿ.

— ಕಾರ್ಯದರ್ಶಿ